ಸುಡಾನ್ ಝೂನಲ್ಲಿ ಇದ್ದದ್ದೇ ತಪ್ಪಾ?

ಪ್ರಿಯ ಓದುಗರೇ,

ಹಿಂದಿನ ಸಂಚಿಕೆಯಲ್ಲಿ, ತನ್ನ ಬಗೆಯ ಕೊನೆಯ ಗಂಡಾಗಿದ್ದ ಸುಡಾನ್ ಎಂಬ ಬಿಳಿ ಘೇಂಡಾಮೃಗದ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಕಾಡಿನಲ್ಲಿ ಆರಾಮಾಗಿದ್ದ ಪ್ರಾಣಿಯನ್ನು ಯುರೋಪಿನ ಝೂಗೆ ಒಯ್ದರು. ಅಲ್ಲಿ ಅದರ ಸಂತಾನ ನಿಂತುಹೋಯಿತು. ಝೂನವರೇ ಅದನ್ನು ಮುಗಿಸಿದ್ದು ಅಲ್ವಾ? ಇವನ್ನೆಲ್ಲ ಮುಚ್ಚಿಸಬಾರದೇಕೆ?" ಎಂದು ಕೇಳಿದ್ದೀರಿ. ಯುರೋಪಿನವರು ಘೇಂಡಾಮೃಗ ಸಾಕಿದ ಕಥೆ ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಸುಡಾನ್ ವಿಷಯದಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಸಿಟ್ಟು ಬರಿಸುವ ಭಾಗ ಹೇಳುತ್ತೇನೆ. ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಷಾ ಪೋರ್ಚುಗೀಸರಿಗೆ ಒಂದು ಘೇಂಡಾಮೃಗ ಕೊಟ್ಟಿದ್ದ. 1515ರಲ್ಲಿ ಅದನ್ನು ಗೋವಾದಿಂದ ಹಡಗಿನಲ್ಲಿ ಲಿಸ್ಬನ್‌ಗೆ ಸಾಗಿಸಿದರು. ಅಲ್ಲಿನ ದೊರೆ ಮನುವೆಲ್ ಅದನ್ನು ಆನೆಯ ಜೊತೆ ಕಾದಾಟಕ್ಕೆ ಬಿಟ್ಟ. ಆನೆ ಓಡಿಹೋಯಿತು. ಆಮೇಲೆ ಪೋಪ್‌ಗೆ ಉಡುಗೊರೆ ಎಂದು ಮತ್ತೆ ಹಡಗು ಹತ್ತಿಸಿದರು. ಇಟಲಿಯ ತೀರದ ಹತ್ತಿರ ಹಡಗು ಮುಳುಗಿತು. ಘೇಂಡಾಮೃಗ ಚೆನ್ನಾಗಿ ಈಜುವ ಪ್ರಾಣಿ. ಆದರೆ ಸರಪಳಿ ಬಿಗಿದಿದ್ದರು. ಅದೂ ಮುಳುಗಿ ಸತ್ತಿತು.

ಕ್ಲಾರಾಳ ಕಥೆ ಸ್ವಲ್ಪ ಬೇರೆ. ಬಂಗಾಳದಲ್ಲಿದ್ದ ಡಚ್ ಕಂಪನಿಯ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆದ ಘೇಂಡಾಮೃಗದ ಮರಿ ಅದು. ಹಡಗಿನ ಕಪ್ತಾನನೊಬ್ಬ ಅದನ್ನು ಪಡೆದು 1741ರಲ್ಲಿ ರಾಟರ್‌ಡ್ಯಾಮ್‌ಗೆ ತಂದ. ಬರ್ಲಿನ್, ವಿಯೆನ್ನಾ, ಪ್ಯಾರಿಸ್, ವೆನಿಸ್ ಎಂದು 17 ವರ್ಷ ಊರೂರು ಸುತ್ತಿಸಿ, ದುಡ್ಡು ಪಡೆದು ಜನರಿಗೆ ತೋರಿಸಿದ. ತಿನ್ನಲು ಹುಲ್ಲು, ಬ್ರೆಡ್ಡು. ಕುಡಿಯಲು ಬಿಯರ್ ಕೂಡ! ಚರ್ಮ ಒಡೆಯದಂತೆ ಮೀನೆಣ್ಣೆ ಹಚ್ಚುತ್ತಿದ್ದನಂತೆ. ದೊರೆಗಳಿಗಿಂತ ಆ ಕಪ್ತಾನನೇ ಜಾಸ್ತಿ ಕಾಳಜಿ ಮಾಡಿದ ಎಂದು ನನಗನ್ನಿಸುತ್ತದೆ. ಆದರೂ ಕ್ಲಾರಾ 1758ರಲ್ಲಿ ಲಂಡನ್ನಿನಲ್ಲಿ ಸತ್ತಾಗ ಅವಳಿಗೆ ಸುಮಾರು 20 ವರ್ಷ ಅಷ್ಟೇ. ಒಳ್ಳೆಯ ಆರೈಕೆ ಸಿಕ್ಕರೆ ಈ ಪ್ರಾಣಿ 40 ವರ್ಷ ಬದುಕುತ್ತದೆ.

ಮುಂದೆ ಝೂಗಳು ಬಂದರೂ ಬಹಳ ಕಾಲ ಇದೇ ನಡೆಯಿತು. ಒಂದೇ ಒಂದು ಪ್ರಾಣಿ ತರುವುದು, ಗಟ್ಟಿ ನೆಲದ ಕೊಟ್ಟಿಗೆಯಲ್ಲಿ ನಿಲ್ಲಿಸುವುದು, ಸತ್ತರೆ ಇನ್ನೊಂದು ತರಿಸುವುದು. ಜೋಡಿಯೇ ಇಲ್ಲದ ಮೇಲೆ ಮರಿ ಎಲ್ಲಿಂದ ಬರಬೇಕು?

ಸ್ವಿಟ್ಜರ್ಲೆಂಡಿನ ಬಾಸೆಲ್ ಝೂ ಈ ಅಭ್ಯಾಸ ಮುರಿಯಿತು. ಕಾಜಿರಂಗದಿಂದ ಗದಾಧರ ಎಂಬ ಗಂಡನ್ನೂ ಜೊಯ್ಮತಿ ಎಂಬ ಹೆಣ್ಣನ್ನೂ ತರಿಸಿದರು. 1956ರ ಸೆಪ್ಟೆಂಬರ್ 14ರಂದು ರುದ್ರ ಹುಟ್ಟಿದ. ಯುರೋಪಿನ ಝೂಗಳಲ್ಲಿ ಹುಟ್ಟಿದ ಮೊದಲ ಭಾರತೀಯ ಘೇಂಡಾಮೃಗ ಅವನೇ. ಇದು ಸುಮ್ನೆ ಆಗುವ ಕೆಲಸವಲ್ಲ. ಗಂಡು ಹೆಣ್ಣು ಯಾವಾಗಲೂ ಒಟ್ಟಿಗಿದ್ದರೆ ಬಡಿದಾಡಿಕೊಳ್ಳುತ್ತವೆ. ಹೆಣ್ಣು ಬೆದೆಗೆ ಬಂದದ್ದನ್ನು ನೋಡಿಯೇ ಜೊತೆಗೆ ಬಿಡಬೇಕು. ಬಸಿರು ಸುಮಾರು 16 ತಿಂಗಳು. ಕೆಸರು, ನೀರು, ಎತ್ತರದ ಹುಲ್ಲಿನ ನಡುವೆ ಬದುಕುವ ಈ ಪ್ರಾಣಿಗೆ ಸಿಮೆಂಟಿನ ಮೇಲೆ ನಿಂತು ನಿಂತು ಪಾದ ಒಡೆದು ಹುಣ್ಣಾಗುತ್ತದೆ. ಝೂಗಳಿಗೆ ಇದು ಗೊತ್ತಾಗಿ, ಮೆತ್ತನೆಯ ನೆಲ, ಕೆಸರಿನ ಹೊಂಡ ಮಾಡಿಕೊಡುವಷ್ಟರಲ್ಲಿ ಎಷ್ಟೋ ಜೀವಗಳು ನರಳಿದ್ದವು.

ಈಗ ಸುಡಾನ್‌ಗೆ ಬರೋಣ. 1975ರಲ್ಲಿ ಜೆಕ್ ದೇಶದ ದ್ವೂರ್ ಕ್ರಾಲೊವೆ ಝೂನ ಜೋಸೆಫ್ ವಾಗ್ನರ್ ಅದನ್ನು ಆಫ್ರಿಕಾದ ಸುಡಾನ್ ದೇಶದಿಂದ ತಂದರು. ಬಿಳಿ ಘೇಂಡಾಮೃಗದಲ್ಲಿ ಉತ್ತರದ್ದು, ದಕ್ಷಿಣದ್ದು ಎಂದು ಎರಡು ಬಗೆ; ಸುಡಾನ್ ಉತ್ತರದ್ದು. 1960ರ ಸುಮಾರಿಗೆ ಕಾಡಿನಲ್ಲಿ ಸುಮಾರು 2,000 ಉತ್ತರದ ಬಿಳಿ ಘೇಂಡಾಮೃಗಗಳಿದ್ದವು. 1984ರ ಹೊತ್ತಿಗೆ ಕಾಂಗೋದ ಗರಾಂಬಾದಲ್ಲಿ ಉಳಿದದ್ದು ಸುಮಾರು 15. ಕೊನೆಗೆ ಅವೂ ಹೋದವು. ಕೊಂಬಿನ ಆಸೆ, ಯುದ್ಧದ ಬಂದೂಕು ಅವನ್ನು ಮುಗಿಸಿದವು. ನೀವು ಹೇಳುವ ಆ ಕಾಡು ಆರಾಮಾಗಿರಲಿಲ್ಲ. ಕೊಂಬಿನ ಕಳ್ಳರು ಝೂವನ್ನೂ ಬಿಟ್ಟಿಲ್ಲ. 2017ರಲ್ಲಿ ಪ್ಯಾರಿಸ್ ಹತ್ತಿರದ ಥ್ವಾರಿ ಝೂಗೆ ರಾತ್ರಿ ನುಗ್ಗಿ, ವಿನ್ಸ್ ಎಂಬ ಎಳೆಯ ಬಿಳಿ ಘೇಂಡಾಮೃಗವನ್ನು ಗುಂಡಿಟ್ಟು ಕೊಂದು ಕೊಂಬು ಕೊಯ್ದುಕೊಂಡು ಹೋದರು.

ಹಾಗಾದರೆ ಝೂಗಳ ತಪ್ಪೇ ಇಲ್ಲವೇ? ಇದೆ. ಬಿಳಿ ಘೇಂಡಾಮೃಗ ಗುಂಪಿನಲ್ಲಿ ಬದುಕುವ ಪ್ರಾಣಿ. ಇಂಗ್ಲೆಂಡಿನ ವಿಪ್ಸ್‌ನೇಡ್ ಝೂ 1970ರಲ್ಲಿ ದಕ್ಷಿಣದ ಬಿಳಿ ಘೇಂಡಾಮೃಗಗಳನ್ನು ಒಂದೇ ಸಲಕ್ಕೆ 20 ತಂದು ವಿಶಾಲ ಬಯಲಿಗೆ ಬಿಟ್ಟಿತು. ಅಲ್ಲಿ ಮರಿಗಳು ಹುಟ್ಟುತ್ತಲೇ ಹೋದವು. ಉತ್ತರದವನ್ನು ಮಾತ್ರ ಬೆರಳೆಣಿಕೆಯಷ್ಟು ತಂದರು. ದ್ವೂರ್ ಕ್ರಾಲೊವೆಯಲ್ಲಿ ಉತ್ತರದ ಅಪ್ಪ ಅಮ್ಮನಿಗೇ ಹುಟ್ಟಿದ ಮರಿಗಳು ನಾಲ್ಕೇ: ಸುನಿ, ನಬಿರೆ, ನಾಜಿನ್, ಕೊನೆಗೆ 2000ದಲ್ಲಿ ಫಾತು. ಆಮೇಲೆ 2009ರಲ್ಲಿ ಸುಡಾನ್, ಸುನಿ, ನಾಜಿನ್, ಫಾತು ನಾಲ್ಕನ್ನೂ ಕೀನ್ಯಾದ ಓಲ್ ಪೆಜೆಟಾ ಎಂಬ ವನ್ಯಜೀವಿ ರಕ್ಷಣಾ ತಾಣಕ್ಕೆ ಕಳಿಸಿದರು. ತಡವಾಗಿಬಿಟ್ಟಿತ್ತು. 2018ರ ಮಾರ್ಚ್‌ನಲ್ಲಿ ಸುಡಾನ್ ತೀರಿಕೊಂಡ. ಈಗ ಫಾತುವಿನ ಅಂಡಾಣು ತೆಗೆದು, ಇಟಲಿಯ ಲ್ಯಾಬಿನಲ್ಲಿ ಭ್ರೂಣ ಮಾಡಿ, ದಕ್ಷಿಣದ ಹೆಣ್ಣುಗಳ ಗರ್ಭದಲ್ಲಿ ಬೆಳೆಸುವ ಪ್ರಯತ್ನ ನಡೆದಿದೆ. ಝೂನಲ್ಲಿ ಹುಟ್ಟಿದ ಫಾತು ಇಲ್ಲದಿದ್ದರೆ ಆ ಪ್ರಯತ್ನವೂ ಇರುತ್ತಿರಲಿಲ್ಲ.

ಎಲ್ಲವನ್ನೂ ಮುಚ್ಚಿ ಎನ್ನಲು ನನಗೆ ಮನಸ್ಸಿಲ್ಲ. ಒಂಟಿ ಪ್ರಾಣಿಯನ್ನು ಸಿಮೆಂಟಿನ ಮೇಲೆ ನಿಲ್ಲಿಸಿ ಟಿಕೆಟ್ ಹರಿಯುವ ಜಾಗ ಎಲ್ಲಿದ್ದರೂ ಮುಚ್ಚಲಿ, ಅದಕ್ಕೆ ನಾನೂ ನಿಮ್ಮ ಜೊತೆಗಿದ್ದೇನೆ. ಆದರೆ 2019ರ ಜೂನ್‌ನಲ್ಲಿ ಯುರೋಪಿನ ಝೂಗಳಲ್ಲೇ ಹುಟ್ಟಿದ ಐದು ಕಪ್ಪು ಘೇಂಡಾಮೃಗಗಳು, ಮೂರು ಹೆಣ್ಣು ಎರಡು ಗಂಡು, ರುವಾಂಡಾದ ಅಕಗೇರಾ ಕಾಡಿಗೆ ಹೋದವು. ಅವನ್ನು ಕಳಿಸಿದ ಝೂಗಳಲ್ಲಿ ದ್ವೂರ್ ಕ್ರಾಲೊವೆಯೂ ಒಂದು.

— ಸಂಪಾದಕ