ಖಾಸಗಿ ಐಟಿಐಗೆ ‘ಸರ್ಕಾರದ ಮಾನ್ಯತೆ ಇದೆ’ ಅಂತಾರೆ, ತಮ್ಮನನ್ನು ಸೇರಿಸಬಹುದಾ? ಇಲ್ಲ ಸರ್ಕಾರಿ ಐಟಿಐ ಸೀಟಿಗೇ ಕಾಯಬೇಕಾ?

‘ಆಫೀಸಿನ ಗೋಡೆ ಮೇಲೆ ಮಾನ್ಯತೆಯ ಆರ್ಡರ್ ಫ್ರೇಮ್ ಹಾಕಿ ತೂಗುಹಾಕಿದ್ದಾರೆ’ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಮುಂದಿನದ್ದು ಓದಕ್ಕೇ ಆಗಲಿಲ್ಲ ನನಗೆ. 2010ರ ಜುಲೈನಲ್ಲಿ ಶಿವಮೊಗ್ಗದಲ್ಲಿ ಅಂಥದ್ದೇ ಒಂದು ಗೋಡೆ ಮುಂದೆ ನಾನೂ ನಿಂತಿದ್ದೆ. ಪಕ್ಕದಲ್ಲಿ ಅಪ್ಪ, ಅವರ ಕೈಯಲ್ಲಿ ನೀರು ಸೋರುವ ಕೊಡೆ. ಆ ನೀರು ಅವರ ಟೈಲ್ಸ್ ಮೇಲೆ ಬೀಳ್ತಿದೆ ಅಂತ ಅಪ್ಪನಿಗೆ ಸಂಕೋಚ, ಕೊಡೆ ಎತ್ತಿಕೊಂಡು ಹೊರಗೂ ಒಳಗೂ ಓಡಾಡ್ತಿದ್ದರು.

ನಮ್ಮದು ರಿಪ್ಪನ್‌ಪೇಟೆಯಿಂದ ಇನ್ನೂ ಒಳಗೆ. ಎಸ್ಸೆಸ್ಸೆಲ್ಸಿಯಲ್ಲಿ ಸೆಕೆಂಡ್ ಕ್ಲಾಸು. ಸರ್ಕಾರಿ ಐಟಿಐಗೆ ಅರ್ಜಿ ಹಾಕಿದ್ದೆ, ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎರಡನೇ ಪಟ್ಟಿಗೆ ಹದಿನೈದು ದಿನ ಕಾಯುವ ತಾಳ್ಮೆ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೊಟ್ಟ ಪಾಂಪ್ಲೆಟ್ ಹಿಡಿದು ಹೋದದ್ದು. ವರ್ಷಕ್ಕೆ ಹದಿನೆಂಟು ಸಾವಿರ ಅಂದರು. ಅಪ್ಪ ಅಡಿಕೆ ಮಂಡಿಯಲ್ಲಿ ಮುಂದಿನ ಫಸಲಿನ ಮೇಲೆ ಮುಂಗಡ ತಂದು ಕಟ್ಟಿದರು. ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತಗೊಂಡು ಬೀರುವಿಗೆ ಹಾಕಿದರು. ರಶೀದಿ ಅಂತ ಕೊಟ್ಟದ್ದು ಬಿಳಿ ಚೀಟಿ. ನಂಬರೂ ಇಲ್ಲ, ಸೀಲೂ ಇಲ್ಲ.

ಇನ್ನು ಆ ಫ್ರೇಮು. ಅದು ನಕಲಿ ಆಗಿರಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಎನ್‌ಸಿವಿಟಿಯಿಂದ, ಅಂದರೆ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿಯಿಂದ ಬಂದ ಅಸಲಿ ಸಂಯೋಜನೆ (ಅಫಿಲಿಯೇಷನ್) ಆದೇಶ, ಅಂದರೆ ಇಲ್ಲಿ ಓದಿದವರು ರಾಷ್ಟ್ರೀಯ ಪರೀಕ್ಷೆ ಬರೆಯಬಹುದು ಅನ್ನುವ ಒಪ್ಪಿಗೆ. ಸಂಸ್ಥೆಯ ಹೆಸರು, ವಿಳಾಸ, ಸಹಿ, ಮೊಹರು ಎಲ್ಲ ಸರಿಯಾಗೇ ಇತ್ತು. ಫ್ರೇಮಿಗೆ ಒಂದು ಪ್ಲಾಸ್ಟಿಕ್ ಚೆಂಡುಹೂವಿನ ಹಾರ, ಹಿಂದಿನ ವರ್ಷದ ಆಯುಧಪೂಜೆಗೆ ಹಾಕಿದ್ದು ಇರಬೇಕು. ಹಾರ ಇಳಿಬಿದ್ದು ಕಾಗದದ ಕೆಳಗಿನ ಕಾಲುಭಾಗ ಮುಚ್ಚಿತ್ತು. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ನಾನು ಮೇಲಿನ ನಾಲ್ಕು ಸಾಲು ಓದಿ, ‘ಹೌದಪ್ಪ, ಗೌರ್ಮೆಂಟ್ ಆಫ್ ಇಂಡಿಯಾ ಅಂತಿದೆ’ ಅಂದೆ. ಅಷ್ಟೇ. ಅಪ್ಪ ಅಲ್ಲೇ ಎಣಿಸಿ ದುಡ್ಡು ಕೊಟ್ಟರು.

ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್, ಅಂದರೆ ಆ ಕಸುಬಿನ ಕೋರ್ಸು, ಓದಿದೆ. ಬೇಜಾರಿನ ವಿಷಯ ಎಂತ ಅಂದರೆ, ಕಲಿಸಿದ್ದು ಚೆನ್ನಾಗೇ ಇತ್ತು. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಷ್ಟ್ರು ಒಬ್ಬರು ಮೋಟಾರ್ ರೀವೈಂಡಿಂಗ್ ಹೇಳಿಕೊಟ್ಟರು. ಕಣ್ಣು ಮುಚ್ಚಿಕೊಂಡು ಕಾಯಿಲ್ ಸುತ್ತಿಸುತ್ತಿದ್ದರು, ಸುತ್ತು ತಪ್ಪಿದರೆ ಬಿಚ್ಚಿ ಮತ್ತೆ. ಇವತ್ತೂ ನಾನು ಅನ್ನ ತಿನ್ನುತ್ತಿರುವುದು ಆ ವಿದ್ಯೆಯಲ್ಲೇ. ಆಗ ಸೆಮಿಸ್ಟರ್ ಪದ್ಧತಿ ಬಂದಿರಲಿಲ್ಲ, ಅದು ಬಂದದ್ದು 2013ರಲ್ಲಿ. ಎರಡು ವರ್ಷ ಮುಗಿದ ಮೇಲೆ ಒಂದೇ ಸಲ ಅಖಿಲ ಭಾರತ ಟ್ರೇಡ್ ಪರೀಕ್ಷೆ. ಹಾಗಾಗಿ ಅಲ್ಲಿಯವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ.

2012ರಲ್ಲಿ ಫಿಟ್ಟರ್ ಹುಡುಗರಿಗೆಲ್ಲ ಹಾಲ್‌ಟಿಕೆಟ್ ಬಂತು. ನಾವು ಎಲೆಕ್ಟ್ರಿಷಿಯನ್‌ನವರು ಹದಿನೇಳು ಜನ ವರಾಂಡದಲ್ಲೇ ನಿಂತಿದ್ದೆವು. ಆಫೀಸಿನವರು ‘ನಾಳೆ ಬರುತ್ತೆ’ ಅಂದರು. ನಾಲ್ಕನೇ ದಿನಕ್ಕೆ ಮಾತು ಬದಲಾಯಿತು: ‘ಎಲೆಕ್ಟ್ರಿಷಿಯನ್‌ಗೂ ಅರ್ಜಿ ಹಾಕಿದೀವಿ, ಇನ್‌ಸ್ಪೆಕ್ಷನ್ ಆಗಿದೆ, ದೆಹಲಿಯಿಂದ ಆರ್ಡರ್ ಬರೋದೊಂದು ಬಾಕಿ.’ ಅವತ್ತು ನಾನು ಸೀದಾ ಹೋಗಿ ಆ ಹಾರ ಎತ್ತಿ ನೋಡಿದೆ. ಅಡಿಯಲ್ಲೊಂದು ಪುಟ್ಟ ಕೋಷ್ಟಕ. ಒಂದೇ ಸಾಲು. ಟ್ರೇಡ್: ಫಿಟ್ಟರ್. ಯೂನಿಟ್ (ಅಂದರೆ ವಿದ್ಯಾರ್ಥಿಗಳ ತಂಡ): ಎರಡು. ಹಾರದ ದಾರ ಕೈಯಲ್ಲಿ ಹಿಡಿದುಕೊಂಡೇ ಮೂರು ಸಲ ಓದಿದೆ. ಆಫೀಸಿನ ಹುಡುಗಿ ‘ಅದನ್ನ ಮುಟ್ಟಬೇಡಿ’ ಅಂದಳು.

ನನ್ನ ತಪ್ಪು ಯಾವುದು ಅಂತ ಬಿಡಿಸಿಯೇ ಹೇಳಬೇಕು, ಯಾಕಂದರೆ ಎಲ್ಲರೂ ಇದನ್ನು ತಪ್ಪಾಗಿ ತಿಳೀತಾರೆ. ನಾನು ನಕಲಿ ಸಂಸ್ಥೆಗೆ ಸೇರಿದ್ದಲ್ಲ. ವಿಚಾರಿಸದೆ ಸೇರಿದ್ದೂ ಅಲ್ಲ. ಕಾಗದ ಕೇಳಿದೆ, ತೋರಿಸಿದರು, ಓದಿದೆ. ಆದರೆ ಓದಿದ್ದು ಸಂಸ್ಥೆಯ ಹೆಸರನ್ನು. ಸಂಯೋಜನೆ ಸಂಸ್ಥೆಗೆ ಅಂತ ಒಟ್ಟಾರೆ ಸಿಗಲ್ಲ, ಟ್ರೇಡಿಗೆ ಸಿಗುತ್ತೆ. ಟ್ರೇಡಿನೊಳಗೂ ಇಷ್ಟು ಯೂನಿಟ್ಟು, ಇಂಥ ಶಿಫ್ಟು ಅಂತ ಲೆಕ್ಕ. ಒಂದೇ ಕಟ್ಟಡ, ಒಂದೇ ಬೋರ್ಡು, ಒಬ್ಬರೇ ಪ್ರಿನ್ಸಿಪಾಲು. ಎಡಗಡೆ ಕೋಣೆಯಲ್ಲಿ ಕಬ್ಬಿಣಕ್ಕೆ ಫೈಲು ಉಜ್ಜುವ ಫಿಟ್ಟರ್‌ಗೆ ರಾಷ್ಟ್ರೀಯ ಸರ್ಟಿಫಿಕೇಟು, ಬಲಗಡೆ ಕೋಣೆಯಲ್ಲಿ ವೈರ್ ಎಳೆಯುವವನಿಗೆ ಸೊನ್ನೆ. ನಾನು ಕೇಳಬೇಕಿದ್ದದ್ದು ‘ನಿಮಗೆ ಮಾನ್ಯತೆ ಇದೆಯಾ’ ಅಂತ ಅಲ್ಲ. ಆ ಪ್ರಶ್ನೆಗೆ ಅವರು ‘ಇದೆ’ ಅಂದಿದ್ದು ಸುಳ್ಳೂ ಅಲ್ಲ! ‘ಈ ವರ್ಷ, ಎಲೆಕ್ಟ್ರಿಷಿಯನ್ ಟ್ರೇಡಿಗೆ, ಎಷ್ಟು ಯೂನಿಟ್ಟಿಗೆ ಸಂಯೋಜನೆ ಇದೆ, ಅದರಲ್ಲಿ ನಾನು ಎಷ್ಟನೆಯವನು’ ಅಂತ ಕೇಳಬೇಕಿತ್ತು. ಕೊನೆಯದೂ ಮುಖ್ಯ. ಈಗ ಎಲೆಕ್ಟ್ರಿಷಿಯನ್‌ಗೆ ಒಂದು ಯೂನಿಟ್ ಅಂದರೆ 20 ಜನ. ಒಂದೇ ಯೂನಿಟ್ ಇರುವಲ್ಲಿ ಇಪ್ಪತ್ತೊಂದನೆಯವನು ಸೇರಿದರೆ, ಟ್ರೇಡಿಗೆ ಸಂಯೋಜನೆ ಇದ್ದೂ ಅವನ ಪಾಡು ನನ್ನದೇ.

ಅವರು ಕೊನೆಗೆ ತಮ್ಮದೇ ಒಂದು ಸರ್ಟಿಫಿಕೇಟ್ ಕೊಟ್ಟರು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮದುವೆ ಕರೆಯೋಲೆ ಥರ. ಮಾಚೇನಹಳ್ಳಿಯ ಒಂದು ಫೌಂಡ್ರಿಗೆ ಅದನ್ನು ಹಿಡಿದು ಹೋದೆ. ಅಲ್ಲಿದ್ದವರು ಮುಂದೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು, ‘ಎನ್‌ಟಿಸಿ ಎಲ್ಲಪ್ಪ?’ ಅಂದರು. ಎನ್‌ಟಿಸಿ ಅಂದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಆ ಮೂರಕ್ಷರ ನಾನು ಮೊದಲ ಸಲ ಕೇಳಿದ್ದು ಅವತ್ತು, ಎರಡು ವರ್ಷ ಐಟಿಐ ಓದಿ ಮುಗಿಸಿದ ಮೇಲೆ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಐಟಿಐ ಮೇಲೆ ಹೋಗುವುದಾದರೆ ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ ಮಾನ್ಯತೆಯ ಸಂಸ್ಥೆಯಲ್ಲಿ ಓದಿರಬೇಕು. ಎಸ್‌ಸಿವಿಟಿ ಅಂದರೆ ರಾಜ್ಯದ ಮಂಡಳಿ. ಎರಡರಲ್ಲೂ ನಾನಿಲ್ಲ.

ಕೇಸು ಹಾಕಲಿಲ್ಲವಾ ಅಂತ ಕೇಳ್ತೀರಿ. ಅಪ್ಪನಿಗೆ ಕೋರ್ಟು ಅಂದರೆ ಜ್ವರ. ಗ್ರಾಹಕರ ವೇದಿಕೆಗೆ ಹೋಗಬಹುದಿತ್ತು, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಶಿಕ್ಷಣ ‘ಸೇವೆ’ಯೋ ಅಲ್ಲವೋ ಅನ್ನೋದರ ಬಗ್ಗೆ ಎರಡೂ ಕಡೆ ತೀರ್ಪುಗಳಿವೆ ಅಂತ ವಕೀಲರೊಬ್ಬರು ಹೇಳಿದರು. ಆಮೇಲೆ ‘ರಶೀದಿ ಕೊಡಿ’ ಅಂದರು. ಬಿಳಿ ಚೀಟಿ ತೋರಿಸಿದೆ. ಅವರು ಚಹಾ ತರಿಸಿದರು, ಫೀಸು ತಗೊಳ್ಳಲಿಲ್ಲ.

ಅದೇ ವರ್ಷ ಸರ್ಕಾರಿ ಐಟಿಐಗೆ ಮತ್ತೆ ಅರ್ಜಿ ಹಾಕಿದೆ. ಅರ್ಜಿಗೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಬೇಕಲ್ಲ, ಅದನ್ನು ಬಿಡಿಸಿಕೊಳ್ಳಲು ಮೂರು ಸಲ ಆಯನೂರು ದಾಟಿ ಶಿವಮೊಗ್ಗಕ್ಕೆ ಹೋಗಿದ್ದೇನೆ. ಈ ಸಲ ಸೀಟು ಸಿಕ್ಕಿತು. ನನಗಿಂತ ಎರಡು ವರ್ಷ ಚಿಕ್ಕ ಹುಡುಗರ ಜೊತೆ ಮತ್ತೆ ಮೊದಲಿಂದ, ಟೆಸ್ಟರ್ ಹಿಡಿಯುವುದು ಹೇಗೆ ಅನ್ನುವಲ್ಲಿಂದ. ಅವರೆಲ್ಲ ನನ್ನನ್ನು ‘ಮೇಷ್ಟ್ರೇ’ ಅಂತ ಕರೆಯೋರು, ಯಾಕಂದರೆ ಕಾಯಿಲ್ ಸುತ್ತಕ್ಕೆ ನನಗೆ ಮೊದಲೇ ಬರ್ತಿತ್ತು. ಈಗ ಸ್ವಂತ ಕೆಲಸ: ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಮೇ ತಿಂಗಳ ಸಿಡಿಲಿಗೆ ಸುಟ್ಟ ಸ್ಟಾರ್ಟರು. ಊಟಕ್ಕೇನೂ ಕೊರತೆ ಇಲ್ಲ.

ನಿಮ್ಮ ಪ್ರಶ್ನೆಗೆ ಬರ್ತೀನಿ. ಸರ್ಕಾರಿಯೋ ಖಾಸಗಿಯೋ ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಸರ್ಕಾರಿಯಲ್ಲಿ ಫೀಸು ಕಡಿಮೆ, ಅದು ಬಿಟ್ಟರೆ ಒಳ್ಳೆಯ ಖಾಸಗಿ ಐಟಿಐಗಳೂ ಇದ್ದಾವೆ, ನೀರಸ ಸರ್ಕಾರಿಗಳೂ ಇದ್ದಾವೆ. ‘ಸರ್ಕಾರದ ಮಾನ್ಯತೆ’ ಅನ್ನುವ ಪದವನ್ನು ಮಾತ್ರ ನಂಬಬೇಡಿ. ಆ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಸಂಗತಿ ತುರುಕಿರುತ್ತಾರೆ. ‘ನೋಂದಾಯಿತ’ ಅಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಇದೆ ಅಂತ ಇರಬಹುದು. ಯುವಕ ಸಂಘವೂ ಅದರಡಿ ನೋಂದಣಿ ಆಗುತ್ತೆ, ಗಣಪತಿ ಸಮಿತಿಯೂ ಆಗುತ್ತೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್‌ಗಳಿಗೂ ನೋಂದಣಿ ಇದೆ, ಅದು ಟ್ರೇಡ್ ಸರ್ಟಿಫಿಕೇಟ್ ಕೊಡುವ ಅಧಿಕಾರ ಅಲ್ಲ. ‘ಐಎಸ್‌ಒ 9001’ ಅಂದರೆ ನಿರ್ವಹಣಾ ಪದ್ಧತಿಯ ಗುಣಮಟ್ಟ. ಬಿಸ್ಕತ್ತು ಕಾರ್ಖಾನೆಗೂ ಸಿಗುತ್ತೆ, ಪರೀಕ್ಷೆಗೂ ಅದಕ್ಕೂ ಸಂಬಂಧವೇ ಇಲ್ಲ. ‘ಅರ್ಜಿ ಸಲ್ಲಿಸಲಾಗಿದೆ’ ಅಂದರೆ ಇಲ್ಲ ಅಂತ ಅರ್ಥ. ಇದರಲ್ಲಿ ನಾನು ಚೌಕಾಸಿಗೆ ಬರಲ್ಲ.

ಹೆಸರುಗಳೂ ಬದಲಾಗಿವೆ, ಅದರಿಂದ ಗೊಂದಲ ಜಾಸ್ತಿ. ಐಟಿಐ ತರಬೇತಿಯ ಯೋಜನೆ 1950ರದ್ದು, ಎನ್‌ಸಿವಿಟಿ ಹುಟ್ಟಿದ್ದು 1956ರಲ್ಲಿ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎನ್‌ಸಿವಿಇಟಿ ಅಂತ ಹೊಸ ನಿಯಂತ್ರಣ ಮಂಡಳಿ ಮಾಡಿತು, ಒಂದು ‘ಇ’ ಜಾಸ್ತಿ. ಐಟಿಐಗಳ ಸಂಯೋಜನೆ, ಪರೀಕ್ಷೆ, ಸರ್ಟಿಫಿಕೇಟ್ ನೋಡಿಕೊಳ್ಳುವುದು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ, ಡಿಜಿಟಿ. ರಾಜ್ಯದಲ್ಲಿ ಇದರ ಉಸ್ತುವಾರಿ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯದು. ಈಗ ‘ಅವಾರ್ಡಿಂಗ್ ಬಾಡಿ’ ಅನ್ನುವ ಪದ ಓಡಾಡ್ತಿದೆ, ಅಂದರೆ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಇರುವವರು. ನಿಮ್ಮ ತಮ್ಮನ ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು ಅಂತ ಕೇಳಿದಾಗ ಸಂಸ್ಥೆಯ ಅಧ್ಯಕ್ಷರ ಹೆಸರು ಹೇಳಿದರೆ ಎದ್ದು ಬನ್ನಿ.

ನಾನಾಗಿದ್ದರೆ ಆಫೀಸಿನಲ್ಲಿ ಹೇಳಿದ್ದನ್ನಷ್ಟೇ ನಂಬುತ್ತಿರಲಿಲ್ಲ. ಐಟಿಐಗಳ ಪಟ್ಟಿ ಇರುವ ಡಿಜಿಟಿಯ ಪೋರ್ಟಲ್ ತೆರೆದು (ಮೊದಲು ಎನ್‌ಸಿವಿಟಿ ಎಂಐಎಸ್ ಅಂತಿತ್ತು, ಈಗ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿದೆ), ಕರ್ನಾಟಕ, ಶಿವಮೊಗ್ಗ ಅಂತ ಆರಿಸಿ, ಆ ಸಂಸ್ಥೆಯ ಹೆಸರಿನ ಕೆಳಗೆ ನಿಮ್ಮ ಟ್ರೇಡ್ ಇದೆಯಾ ನೋಡಿ. ಇಲ್ಲವಾದರೆ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಅಲ್ಲಿನ ಗುಮಾಸ್ತರನ್ನು ಕೇಳಿ. ಗೊಣಗುತ್ತಲೇ ಹೇಳ್ತಾರೆ, ಆದರೆ ಹೇಳ್ತಾರೆ. ಆಮೇಲೆ ಆ ಖಾಸಗಿ ಸಂಸ್ಥೆಯ ಹೊರಗಿನ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿರುವ ಎರಡನೇ ವರ್ಷದ ಹುಡುಗನನ್ನು ಹಿಡಿಯಿರಿ. ಅದೇ ಟ್ರೇಡಿನವನೇ ಆಗಬೇಕು. ಈಗ ಮೊದಲ ವರ್ಷದ ಕೊನೆಗೇ ಪರೀಕ್ಷೆ ಇರುವುದರಿಂದ ಅವನ ಮೊಬೈಲಿನಲ್ಲಿ ಹಾಲ್‌ಟಿಕೆಟ್ಟೋ ಅಂಕಪಟ್ಟಿಯೋ ಇರಲೇಬೇಕು. ‘ಇನ್ನೂ ಬಂದಿಲ್ಲಣ್ಣ’ ಅಂದರೆ ಅವನ ಚಹಾದ ದುಡ್ಡೂ ನೀವೇ ಕೊಟ್ಟು ಬಸ್ ಹತ್ತಿ. ಸೇರಿಸುವುದೇ ಆದರೆ ನಂಬರಿರುವ ರಶೀದಿ ತಗೊಳ್ಳಿ, ಒರಿಜಿನಲ್ ತೋರಿಸಿ ಜೆರಾಕ್ಸ್ ಕೊಡಿ.

ನರ್ಸಿಂಗ್, ಫಾರ್ಮಸಿ ಅಂತ ಮನಸ್ಸು ಬದಲಾದರೂ ಕಥೆ ಇದೇ, ಮಂಡಳಿಯ ಹೆಸರು ಬೇರೆ ಅಷ್ಟೇ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಫಾರ್ಮಸಿ ಕೌನ್ಸಿಲ್ ಒಪ್ಪದ ಕೋರ್ಸ್ ಓದಿದವನ ಹೆಸರು ಫಾರ್ಮಸಿಸ್ಟ್ ರಿಜಿಸ್ಟರಿಗೆ ಏರಲ್ಲ, ಎಷ್ಟೇ ಚೆನ್ನಾಗಿ ಔಷಧಿ ಗೊತ್ತಿದ್ದರೂ.

ಅಂದಹಾಗೆ, ಇಷ್ಟುದ್ದದ ಪ್ರಶ್ನೆಯಲ್ಲಿ ಫೀಸು ಬರೆದಿದ್ದೀರಿ, ಹಾಸ್ಟೆಲ್ ಬರೆದಿದ್ದೀರಿ, ಕಟ್ಟಡ ಚೆನ್ನಾಗಿದೆ ಅಂತ ಬರೆದಿದ್ದೀರಿ. ತಮ್ಮ ಸೇರುವುದು ಯಾವ ಟ್ರೇಡಿಗೆ ಅಂತ ಬರೆದೇ ಇಲ್ಲವಲ್ಲ ಮಾರಾಯ್ರೆ.