ಮರಿ ಹಾಕಿದ ಬೀದಿನಾಯಿಗೆ ಆಪರೇಷನ್ ಯಾವಾಗ?
ಮರಿಗಳಿಗೆ ಒಂದು ತಿಂಗಳು, ತಾಯಿನಾಯಿಯನ್ನು ಈಗಲೇ ಮತ್ತೆ ಮರಿಯಾಗದಂತೆ ಮಾಡುವ ಸಂತಾನಹರಣ ಆಪರೇಷನ್‌ಗೆ ಕಳಿಸೋಣವೆಂದರೆ ಶೆಲ್ಟರ್‌ನವರು ಬೇಡ ಅಂದರು, ಯಾಕೆ ಅಂತ ಕೇಳಿದ್ದೀರಿ. ಅವರು ಹೇಳಿದ್ದು ಸರಿ. ಹಾಲೂಡಿಸುವಾಗ ಕೆಚ್ಚಲು ಉಬ್ಬಿ ಅಲ್ಲಿ ರಕ್ತಸಂಚಾರ ಹೆಚ್ಚಿರುತ್ತದೆ. ಹೊಟ್ಟೆಯ ನಡುವೆ ಕೊಯ್ದರೆ ರಕ್ತ ಜಾಸ್ತಿ ಹೋಗುತ್ತದೆ, ಹಾಲು ಸೋರಿ ಗಾಯ ಒದ್ದೆಯಾಗುತ್ತದೆ. ಮೇಲಾಗಿ ತಾಯಿ ಕೆಲವು ದಿನ ಶೆಲ್ಟರ್‌ನಲ್ಲೇ ಉಳಿದರೆ ಮರಿಗಳು ಉಪವಾಸ.

ಮರಿಗಳು ಎರಡು ತಿಂಗಳಾಗಿ ತಾವೇ ತಿನ್ನಲಿ. ಆಮೇಲೆ ಹಾಲು ಬತ್ತಲು ಇನ್ನೆರಡು ವಾರ ಬಿಡಿ. ಅದಕ್ಕಿಂತ ತೀರಾ ತಡ ಮಾಡಿದರೆ ಮತ್ತೆ ಬೆದೆಗೆ ಬರುತ್ತದೆ.

ಹೆಚ್ಚಾಗಿ ಎಡವಟ್ಟಾಗುವುದು ಆಪರೇಷನ್‌ನ ಹಿಂದಿನ ರಾತ್ರಿ. ನಾಯಿಯನ್ನು ಹಿಡಿದೊಯ್ಯುವ ವ್ಯಾನ್ ಬರುವ ದಿನ ಮೊದಲೇ ಗೊತ್ತಿದ್ದರೆ ರಾತ್ರಿಯಿಂದ ಊಟ ನಿಲ್ಲಿಸಿ, ನೀರು ಇರಲಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಟೀ ಅಂಗಡಿಯವರಿಗೂ ಹೇಳಿಡಿ, ಬೆಳಿಗ್ಗೆ ಬನ್ ಹಾಕುವವರು ಅವರೇ ತಾನೆ!

ಹಿಡಿದ ಜಾಗವನ್ನು ಹತ್ತಿರದ ಕಂಬ, ಅಂಗಡಿಯ ಗುರುತು ಸಮೇತ ಬರೆಸಿ. ಬಿಡುವುದೂ ಅಲ್ಲೇ ಆಗಬೇಕು. ಬೇರೆ ಬೀದಿಯಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಕಚ್ಚಿ ಹೊಲಿಗೆ ಬಿಚ್ಚಬಹುದು. ವಾಪಸ್ ಬಂದಾಗ ಕಿವಿ ತುದಿ ಕತ್ತರಿಸಿದ್ದು ಕಂಡರೆ ಗಾಬರಿ ಬೇಡ, ಅದು ಆಪರೇಷನ್ ಆದ ಗುರುತು. ರೇಬೀಸ್ ಚುಚ್ಚುಮದ್ದು ಹಾಕಿದ್ದಾರಾ ಅಂತಲೂ ಕೇಳಿ. ಹೊಲಿಗೆಯಲ್ಲಿ ಕೀವು, ವಾಸನೆ ಅಥವಾ ಊತ ಕಂಡರೆ ಅರಿಶಿನ ಮೆತ್ತಬೇಡಿ, ಫೋಟೊ ತೆಗೆದು ಅವತ್ತೇ ಶೆಲ್ಟರ್‌ಗೆ ಕಳಿಸಿ.