ದಿನಾ ಫುಲ್ ಸ್ಪೀಡಲ್ಲಿ 1600 ಓಡೋರಿಗೆ

ತಮ್ಮಾ, ಅಗ್ನಿವೀರ್ ರ‍್ಯಾಲಿಗೆ ಅಂತ ದಿನಾ ಟಾರ್ ರೋಡಲ್ಲಿ 1600 ಮೀಟರ್ ಫುಲ್ ಸ್ಪೀಡ್ ಓಡ್ತಿದ್ದೀನಿ, ಟೈಮಿಂಗ್ 6:20ಕ್ಕೇ ನಿಂತಿದೆ, ಮೊಣಕಾಲ ಕೆಳಗೆ ನೋವು ಅಂತ ಬರೆದಿದ್ದೀಯ. ಎಷ್ಟು ಜನ ಹುಡುಗರು ಇದೇ ತಪ್ಪು ಮಾಡ್ತೀರಪ್ಪಾ! ದಿನಾ ಪರೀಕ್ಷೆ ಬರೆದರೆ ಓದೋದು ಯಾವಾಗ? ಟೈಮ್ ನೋಡೋ ಓಟ 15 ದಿನಕ್ಕೊಂದು ಸಾಕು.

ಮೊದಲು ನೋವಿನ ವಿಷಯ. ಮೊಣಕಾಲ ಕೆಳಗಿನ ಮುಂದಿನ ಮೂಳೆಯ ಒಳಅಂಚಿನ ಉದ್ದಕ್ಕೂ ಇದ್ದರೆ ಅದು ಶಿನ್ ಪೇನ್, ಓಟ ತಗ್ಗಿಸಿದರೆ ಇಳಿಯುತ್ತೆ. ಬೆರಳಲ್ಲಿ ಒತ್ತಿದಾಗ ಒಂದೇ ಜಾಗದಲ್ಲಿ ಜೀವ ಹೋಗೋ ಹಾಗಾದರೆ, ಮಲಗಿದಾಗಲೂ ನೋವಿದ್ದರೆ, ಮೂಳೆ ಸಣ್ಣಗೆ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸು. ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಅದನ್ನೂ ಕೇಳು. ನೋವಿನ ಮಾತ್ರೆ ನುಂಗಿ ಓಡೋದು ಬೇಡವೇ ಬೇಡ.

ಬರೀ ಶಿನ್ ಪೇನ್ ಆದರೆ ಟಾರ್ ಬಿಟ್ಟು ಮಣ್ಣಿನ ಗ್ರೌಂಡಿಗೆ ಬಾ. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸು, 15ರಂತೆ 3 ಸೆಟ್. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ನೆಲದಲ್ಲೇ ಇಟ್ಟು ಪಾದದ ಮುಂಭಾಗ ಎತ್ತೋದು 20 ಸಲ. ಬಸ್ಕಿ ಬಿಡಬೇಡ.

ಇನ್ನು ಟೈಮಿಂಗ್: ಭರ್ತಿಯಲ್ಲಿ 1600 ಮೀಟರನ್ನು 5 ನಿಮಿಷ 30 ಸೆಕೆಂಡೊಳಗೆ ಮುಗಿಸಿದರೆ 60 ಅಂಕ. ಅಂದರೆ 400ರ ರೌಂಡಿಗೆ 82 ಸೆಕೆಂಡ್, ನಿನ್ನದು ಈಗ 95. ನೋವು ಹೋದ ಮೇಲೆ ವಾರಕ್ಕೊಂದು ದಿನ 400 ಮೀಟರ್ ಆರು ಸಲ, ತಲಾ 88-90 ಸೆಕೆಂಡಲ್ಲಿ, ನಡುವೆ 2 ನಿಮಿಷ ನಡಿಗೆ. ಆರನೆಯದೂ ಅದೇ ಟೈಮಿಗೆ ಬಂದರೆ ಮಾತ್ರ ಮುಂದಿನ ಸಲ ಒಂದೆರಡು ಸೆಕೆಂಡ್ ಇಳಿಸು. ಇನ್ನೆರಡು ದಿನ 5 ಕಿ.ಮೀ. ನಿಧಾನ, ಪಕ್ಕದವನ ಜೊತೆ ಮಾತಾಡೋಕೆ ಆಗಬೇಕು. ಮೊದಲ ರೌಂಡ್ 72ಕ್ಕೆ ಓಡಿ ನಾಲ್ಕನೆಯದರಲ್ಲಿ ಕಾಲು ಕಟ್ಟಿ ಫೇಲ್ ಆಗೋರೇ ಜಾಸ್ತಿ.

ಪುಲ್‌ಅಪ್, ಅಂದರೆ ಬಾರ್ ಹಿಡಿದು ಮೈ ಮೇಲೆಳೆಯೋದು, ಅದರ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಹತ್ತಕ್ಕೆ 40 ಅಂಕ ಕಣೋ! ನಾಲ್ಕೇ ಬರುತ್ತೆ ಅಂದರೆ ನಾಲ್ಕು ಎಳೆದು ಒದ್ದಾಡಬೇಡ. ಎರಡೆರಡರಂತೆ ದಿನವಿಡೀ ಎಂಟು ಸಲ ಮಾಡು. ಒಂದೂ ಬರದೋರು ಸ್ಟೂಲ್ ಮೇಲಿಂದ ಗದ್ದ ಬಾರ್ ಮೇಲಿಟ್ಟು 5 ಸೆಕೆಂಡ್ ಎಣಿಸುತ್ತಾ ಇಳೀಬೇಕು, 5ರಂತೆ 4 ಸೆಟ್, ದಿನ ಬಿಟ್ಟು ದಿನ. ಇದು ಚೆನ್ನಾಗಿ ಕೆಲಸ ಮಾಡೋ ದಾರಿ. ಕೆಳಗೆ ಬಂದಾಗ ಮೊಣಕೈ ಪೂರ್ತಿ ನೆಟ್ಟಗಾಗಲಿ, ಕಾಲು ಝಾಡಿಸಿ ಏರಿದ್ದನ್ನು ಲೆಕ್ಕಕ್ಕೆ ಹಿಡಿಯಲ್ಲ.

ಶೂ ಸೆಗಾ, ನಿವಿಯಾ ಸಾಕು, ಹತ್ತು ಸಾವಿರದ್ದು ಬೇಡ. ಹಿಮ್ಮಡಿ ಒಂದು ಕಡೆ ಸವೆದಿದ್ದರೆ ಬದಲಿಸು.

ಪೌಡರ್ ಡಬ್ಬಿಗೆ ದುಡ್ಡು ಸುರಿಯಬೇಡ. 60 ಕೆ.ಜಿ. ಹುಡುಗನಿಗೆ ದಿನಕ್ಕೆ ಸುಮಾರು 90 ಗ್ರಾಂ ಪ್ರೋಟೀನ್ ಸಾಕು: ಮೊಟ್ಟೆಗೆ 6, ನೂರು ಗ್ರಾಂ ಕಡಲೆಬೀಜಕ್ಕೆ 25, ಅಷ್ಟೇ ಹುರುಳಿಗೆ 22. ಉಳಿದದ್ದು ಹಾಲು, ಮೊಸರು, ಮುದ್ದೆಯಲ್ಲೇ ಬರುತ್ತೆ. ರ‍್ಯಾಲಿ ಹತ್ತಿರ ಬಂದಾಗ ಸ್ಟ್ಯಾಮಿನಾ ಇಂಜೆಕ್ಷನ್ ಅಂತ ಬರೋರನ್ನು ಹತ್ತಿರ ಸೇರಿಸಬೇಡ.

ಬಾರ್ ಇಲ್ಲ ಅಂದರೆ ಒಂದಿಂಚಿನ ಜಿಐ ಪೈಪನ್ನು 8 ಅಡಿ ಎತ್ತರದಲ್ಲಿ ಎರಡು ಕಂಬಕ್ಕೆ ವೆಲ್ಡ್ ಮಾಡಿಸಿ, ಕಂಬ ಎರಡಡಿ ಕಾಂಕ್ರೀಟಲ್ಲಿ ಹೂಳು. ಎರಡಿಂಚಿನದು ಹಾಕಿಸಬೇಡ, ಬೆರಳು ಸುತ್ತಲ್ಲ, ತೋಳಿಗಿಂತ ಮೊದಲು ಕೈ ಸೋಲುತ್ತೆ.